ನನ್ನ ಪಡಿಗೆ ತಿಳಿಯದ ಸುದ್ದಿ

ನಮ್ಮೂರಿನಲ್ಲಿ ಯಾರೂ ತಮ್ಮ ಆರೋಗ್ಯದ ವಿಷಯ ತಾವೇ ಹೇಳಿಕೊಳ್ಳುವಂತಿಲ್ಲ. ಡಾಕ್ಟರ ಎದುರು ಕೂತು ನನಗೆ ಇಲ್ಲಿ ನೋಯುತ್ತದೆ ಎಂದರೆ ಅವರು ನಮ್ಮನ್ನು ದಾಟಿ ಬಾಗಿಲ ಕಡೆ ನೋಡಿ, ಮನೆಯವರು ಬಂದಿದ್ದಾರಾ ಎಂದು ಕೇಳುತ್ತಾರೆ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎಂದುಬಿಡುವ ಜನ ನಾವು, ನಮ್ಮ ಮಾತು ನಂಬಿ ಔಷಧಿ ಕೊಡಲಾಗದು ಎಂದು ಹಿರಿಯರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ. ಆದ್ದರಿಂದ ಗಂಡನ ವಿಷಯ ಹೆಂಡತಿ ಹೇಳಬೇಕು, ಹೆಂಡತಿಯದು ಗಂಡ ಹೇಳಬೇಕು, ಅತ್ತೆಯದು ಸೊಸೆ ಹೇಳಬೇಕು. ಇದಕ್ಕೆ ನಮ್ಮಲ್ಲಿ ಒಪ್ಪಿಸುವುದು ಎನ್ನುತ್ತಾರೆ.

ಒಪ್ಪಿಸುವುದು ಡಾಕ್ಟರಿಗಲ್ಲ, ಪಡಿಗೆ. ಆಸ್ಪತ್ರೆಯ ಹಿಂಭಾಗದಲ್ಲಿ ಎರಡು ಉದ್ದನೆಯ ಹಜಾರಗಳಿವೆ, ಒಂದು ಗಂಡಸರದು, ಒಂದು ಹೆಂಗಸರದು. ಅಲ್ಲಿ ಸಾಲಾಗಿ ಗಾಜುಗಳು, ಒಂದೊಂದು ಗಾಜಿನೊಳಗೂ ಊರಿನ ಒಬ್ಬೊಬ್ಬರ ಪಡಿ. ನಮ್ಮದೇ ಮುಖ, ನಮ್ಮದೇ ಮೈಕಟ್ಟು, ನಮ್ಮದೇ ಸೊಟ್ಟ ಬೆರಳು. ಹುಟ್ಟಿದ ವಾರ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಿಂದ ಕಂಪ್ಯೂಟರು ಅದನ್ನು ಶುರು ಮಾಡುತ್ತದೆ. ಆಮೇಲೆ ಮನೆಯವರು ವಾರವಾರ ಹೋಗಿ ಹೇಳುವುದನ್ನೆಲ್ಲ ಕೇಳಿಸಿಕೊಂಡು ಅದು ನಮ್ಮ ಜೊತೆಜೊತೆಗೇ ಬೆಳೆಯುತ್ತದೆ. ನಾವು ತಿಂದದ್ದು ಅದಕ್ಕೆ ತಿಳಿಯಬೇಕು, ನಿದ್ದೆಗೆಟ್ಟದ್ದು ತಿಳಿಯಬೇಕು, ಬೈದದ್ದು ಬೈಸಿಕೊಂಡದ್ದು ತಿಳಿಯಬೇಕು. ಪಡಿ ಮಾತಾಡುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ನಮಗೆ ಕಾಯಿಲೆ ಬಿದ್ದರೆ ಔಷಧಿ ಮೊದಲು ಅದಕ್ಕೆ. ಅದು ತಡೆದುಕೊಂಡರೆ ನಮಗೆ. ತಡೆದುಕೊಳ್ಳದೆ ಬಿದ್ದರೆ ಡಾಕ್ಟರು ಅದನ್ನು ಹಿಂದಿನ ದಿನಕ್ಕೆ ತಿರುಗಿಸಿ, ಎಬ್ಬಿಸಿ ಕೂರಿಸಿ, ಬೇರೆ ಔಷಧಿ ಕೊಟ್ಟು ನೋಡುತ್ತಾರೆ.

ಹೀಗಾಗಿ ಒಂದೇ ಮನೆಯ ಐವರಿಗೆ ಒಂದೇ ಜ್ವರ ಬಂದರೂ ಐದು ಬಗೆಯ ಮಾತ್ರೆ ಬರುತ್ತವೆ, ಪೊಟ್ಟಣದ ಮೇಲೆ ಅವರವರ ಹೆಸರು. ಪರವೂರಿನಿಂದ ಬಂದ ನೆಂಟರು ತಲೆನೋವೆಂದು ಒಬ್ಬರ ಮಾತ್ರೆ ಇನ್ನೊಬ್ಬರು ಇಸಿದುಕೊಂಡು ನುಂಗುವುದನ್ನು ಕಂಡರೆ ನಮ್ಮವರಿಗೆ ಮೈ ಜುಮ್ಮೆನ್ನುತ್ತದೆ, ಹಲ್ಲುಜ್ಜುವ ಬ್ರಷ್ಷು ಹಂಚಿಕೊಂಡ ಹಾಗೆ. ಹೆಣ್ಣು ನೋಡಲು ಹೋದವರು ಬಣ್ಣ, ಓದು ವಿಚಾರಿಸುವ ಮೊದಲು ಹುಡುಗಿ ಚೆನ್ನಾಗಿ ಒಪ್ಪಿಸುತ್ತಾಳಾ ಎಂದು ಕೇಳುತ್ತಾರೆ. ಹೋಟೆಲಿನಲ್ಲಿ ಬೋಂಡಾ ತಿನ್ನುವ ಗಂಡಸರು ಬೀದಿಗೆ ಬೆನ್ನು ಹಾಕಿಯೇ ಕೂರುತ್ತಾರೆ. ನಮ್ಮ ಬೀದಿಯ ಕಮ್ಮಾರನ ವಿಷಯ ಒಪ್ಪಿಸುವುದು ಅವನ ಅತ್ತೆ. ಆ ಬಡಪಾಯಿ ಮದುವೆಯಾದಾಗಿನಿಂದ ಒಂದು ಬೀಡಿ ಸೇದಿದ್ದನ್ನು ಯಾರೂ ಕಂಡಿಲ್ಲ. ಆಯುಧಪೂಜೆಯ ದಿನ ಒಪ್ಪಿಸುವವರು ಗಾಜಿಗೆ ಕುಂಕುಮ ಇಟ್ಟು ಹೂ ಮುಡಿಸಿ ಬರುತ್ತಾರೆ. ಆಸ್ಪತ್ರೆಯವರು ಮಾರನೆಯ ದಿನ ಗೊಣಗುತ್ತ ಒರೆಸುತ್ತಾರೆ. ಇಷ್ಟೆಲ್ಲ ಮಾಡಿದರೂ ತನ್ನ ಪಡಿಯ ಮುಂದೆ ತಾನೇ ಹೋಗಿ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಯಾಕೆ ಎಂದು ನಾನು ಕೇಳಿಲ್ಲ, ಕೇಳಿದವರನ್ನೂ ಕಂಡಿಲ್ಲ.

ನಾನು ಕೆಂಪರಾಜು, ಮದುವೆ ಬ್ಯಾಂಡಿನವನು. ಕ್ಲಾರಿಯೊನೆಟ್ ನುಡಿಸುತ್ತೇನೆ, ಚೆನ್ನಾಗಿಯೇ ನುಡಿಸುತ್ತೇನೆ, ಇದನ್ನು ನಾನೇ ಹೇಳಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ನನ್ನ ತಮ್ಮ ವರದರಾಜು ಡ್ರಮ್ಮು ಬಾರಿಸುತ್ತಿದ್ದ. ಎಲ್ಲರ ಬಾಯಲ್ಲೂ ಅವನು ವರ್ದ. ಚೆಲುವಮ್ಮ ನನ್ನನ್ನು ಮದುವೆಯಾಗಿ ಬಂದಾಗ ವರ್ದನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಮಗೆ ತಾಯಿ ಇರಲಿಲ್ಲ. ಅವನಿಗೆ ತಲೆ ಬಾಚಿ, ತುತ್ತು ಮಾಡಿ ತಿನ್ನಿಸಿ, ಇಸ್ಕೂಲಿಗೆ ಅಟ್ಟಿದವಳು ಅವಳೇ. ನಮಗೆ ಮಕ್ಕಳಾಗಲಿಲ್ಲ, ಅದರ ಕೊರಗು ಹತ್ತಿರ ಸುಳಿಯದಷ್ಟು ರೇಜಿಗೆ ಹಿಡಿಸಲು ವರ್ದ ಒಬ್ಬ ಸಾಕಾಗಿದ್ದ. ದೊಡ್ಡವನಾದ ಮೇಲೂ ಅತ್ತಿಗೆ ಸಾರು ಬಡಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಬಡಿಸಿದರೆ ಉಪ್ಪು ಜಾಸ್ತಿ ಅನ್ನುತ್ತಿದ್ದ. ನಾವಿಬ್ಬರೂ ದಿನಕ್ಕೊಂದು ಜಗಳ ಕಾಯುತ್ತಿದ್ದೆವು, ಅವಳು ತೀರ್ಪು ಕೊಡುತ್ತಿದ್ದಳು, ತೀರ್ಪು ಯಾವಾಗಲೂ ಅವನ ಕಡೆಗೇ ಆಗುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಮದುವೆ ಮುಗಿಸಿಕೊಂಡು ಬರುವಾಗ ಬ್ಯಾಂಡಿನ ವ್ಯಾನು ಕೆರೆ ಏರಿಯ ತಿರುವಿನಲ್ಲಿ ಮಗುಚಿಕೊಂಡಿತು. ಮುಂದೆ ಕೂತಿದ್ದ ನನಗೆ ಮೊಣಕೈ ತರಚಿತು. ಹಿಂದೆ ಡ್ರಮ್ಮುಗಳ ನಡುವೆ ಮಲಗಿದ್ದ ವರ್ದ ಎದ್ದು ಬರಲಿಲ್ಲ. ಪಡಿ ಎಷ್ಟೇ ಜಾಣ ಇರಲಿ, ತಿರುವಿನಲ್ಲಿ ಮಗುಚುವ ವ್ಯಾನಿಗೆ ಅದರ ಹತ್ತಿರ ಔಷಧಿ ಇಲ್ಲ. ವರ್ದನ ಗಾಜನ್ನು ಆಸ್ಪತ್ರೆಯವರು ಆರಿಸಿದರು. ಈಗ ಆ ಜಾಗದಲ್ಲಿ ಯಾರದೋ ಕೂಸು ಕಾಲಾಡಿಸುತ್ತ ಮಲಗಿದೆಯಂತೆ.

ನಾನು ಅಳಲಿಲ್ಲ. ತಿಥಿ ಮುಗಿದ ಮೇಲೆ ಮುಂಚೆಯೇ ಒಪ್ಪಿಕೊಂಡಿದ್ದ ಮದುವೆಗೆ ಹೋಗಿ ನುಡಿಸಿ ಬಂದೆ. ಬೇರೆ ಒಬ್ಬನನ್ನು ಡ್ರಮ್ಮಿಗೆ ಹಾಕಿಕೊಂಡೆ. ಮನೆಯಲ್ಲಿ ಚೆಲುವಮ್ಮ ವರ್ದನ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಒಂದು ಸಲ, ಅವನ ಮಾತು ಇನ್ನು ಬೇಡ ಎಂದು ನೇರವಾಗಿಯೇ ಹೇಳಿದೆ. ಅವಳು ಸರಿ ಅಂದಳು. ಆಮೇಲೆ ಎತ್ತಲಿಲ್ಲ. ನನ್ನ ಕೆಲಸ ನಡೆಯಿತು, ಅವಳ ಕೆಲಸ ನಡೆಯಿತು. ಗುರುವಾರ ಗುರುವಾರ ಅವಳು ನನ್ನ ಪಡಿಗೆ ಒಪ್ಪಿಸಲು ಹೋಗುತ್ತಿದ್ದಳು, ಶನಿವಾರ ನಾನು ಅವಳ ಪಡಿಗೆ ಒಪ್ಪಿಸಲು ಹೋಗುತ್ತಿದ್ದೆ. ಗುರುವಾರ ಮಾತ್ರ ಅವಳು ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ತವರಿಗೆ ಹೊರಟವಳ ಹಾಗೆ ಹೋಗುವುದನ್ನು ನೋಡುತ್ತಿದ್ದೆ. ಬರುವುದು ತಡವಾಗುತ್ತಿತ್ತು. ಆಸ್ಪತ್ರೆಯಲ್ಲಿ ಸಾಲು ಇರಬೇಕು ಅಂದುಕೊಳ್ಳುತ್ತಿದ್ದೆ.

ಈ ವರ್ಷ ನನಗೆ ಊದುವಾಗ ಉಸಿರು ಸಾಲದೆ ಹೋಗತೊಡಗಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಮೇಲಿನ ಸ್ವರ ಹಿಡಿಯುವಾಗ. ಚೆಲುವಮ್ಮ ಹೋಗಿ ಒಪ್ಪಿಸಿದಳು. ನಮ್ಮ ಡಾಕ್ಟರು ಇಂದುಮತಿ, ಚಿಕ್ಕ ವಯಸ್ಸಿನವರು, ಮಾತು ಕಮ್ಮಿ, ನೋಡಿದರೆ ಶಾಲೆಯ ಲೀಡರಮ್ಮನ ಹಾಗೆ ಕಾಣುತ್ತಾರೆ. ಅವರು ನನ್ನ ಪಡಿಗೆ ಒಂದು ಸಣ್ಣ ಮಾತ್ರೆ ಕೊಟ್ಟು ನೋಡಿದರು. ಪಡಿ ಆರಾಮವಾಗಿತ್ತು. ಅದೇ ಮಾತ್ರೆ ನನಗೆ ಬಂತು. ನಾನು ಅದನ್ನು ನುಂಗಿ ಒಂದು ಆರತಕ್ಷತೆಯಲ್ಲಿ ಊದುತ್ತಾ ಊದುತ್ತಾ ಮದುಮಗಳ ಕಾಲ ಬುಡದಲ್ಲೇ ಕುಸಿದುಬಿದ್ದೆ. ಆಕೆ ಪಾಪ, ಆಶೀರ್ವಾದ ಬೇಡುತ್ತಿದ್ದೇನೆ ಅಂದುಕೊಂಡು ಅಕ್ಷತೆ ಹಾಕಿದಳಂತೆ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ನೋಡಿದ ಇಂದುಮತಿಯವರು ಹಜಾರಕ್ಕೆ ಹೋಗಿ ನನ್ನ ಪಡಿಯನ್ನು ನೋಡಿ ಬಂದರು, ಮತ್ತೆ ನನ್ನನ್ನು ನೋಡಿದರು, ಮತ್ತೆ ಹೋದರು. ಕೊನೆಗೆ ನನ್ನನ್ನೂ ಚೆಲುವಮ್ಮನನ್ನೂ ಎದುರಿಗೆ ಇಟ್ಟುಕೊಂಡು ಹೇಳಿದರು, "ನಿಮ್ಮ ಪಡಿ ನೀವಲ್ಲ, ಕೆಂಪರಾಜು ಅವರೇ. ಅಲ್ಲಿರೋರಿಗೆ ಎದೆ ಗಟ್ಟಿಯಾಗಿದೆ, ರಾತ್ರಿ ನಿದ್ದೆ ಬರುತ್ತೆ. ನಿಮಗೆ ಎದೆ ಬಡಿತವೇ ತಾಳ ತಪ್ಪಿದೆ, ನಿದ್ದೆ ಹೋಗಿ ಎಷ್ಟೋ ಕಾಲ ಆಗಿದೆ. ಯಾವುದೋ ಒಂದು ದೊಡ್ಡ ವಿಷಯ ಪಡಿಗೆ ಹೇಳದೆ ಬಿಟ್ಟಿದ್ದೀರಿ." ಕೊನೆಯ ಮಾತನ್ನು ಅವರು ಚೆಲುವಮ್ಮನ ಕಡೆ ತಿರುಗಿ ಹೇಳಿದರು. ನಾನು ಅವಳ ಪರ ಮಾತಾಡಿದೆ. ಇವಳು ಬಿಡುವವಳಲ್ಲ ಡಾಕ್ಟ್ರೇ, ಬೋಂಡಾದ ಲೆಕ್ಕ ಕೂಡ ಬಿಟ್ಟಿಲ್ಲ ಅಂದೆ. ಚೆಲುವಮ್ಮ ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ಪಡಿಯ ಜೊತೆ ತಾಳೆ ನೋಡಲು ವರ್ಷಕ್ಕೊಮ್ಮೆ ರಕ್ತ ಕೊಡಿ ಎಂದು ಕರೆದಾಗ ಮದುವೆ ಸೀಸನ್ನು ಎಂದು ನಾನು ತಪ್ಪಿಸಿಕೊಂಡದ್ದೂ ಆಗ ಹೊರಬಂತು, ಅದಕ್ಕೆ ಬೈಸಿಕೊಂಡೆ.

ವಿಷಯ ಹೀಗಿತ್ತು. ನನ್ನ ಎದೆಗೆ ಎರಡು ದಾರಿ ಇದ್ದವು. ಒಂದು, ಬಲವಾದ ಒಂದು ಮಾತ್ರೆ. ಇನ್ನೊಂದು, ಎದೆಯ ಚರ್ಮದ ಕೆಳಗೆ ತಾಳ ಹಾಕಿಕೊಡುವ ಒಂದು ಪುಟ್ಟ ಯಂತ್ರ. ಒಂದು ನನ್ನನ್ನು ಉಳಿಸುತ್ತದೆ, ಇನ್ನೊಂದು ಕೊಲ್ಲಬಹುದು, ಯಾವುದು ಯಾವುದೆಂದು ಪಡಿಯನ್ನು ಕೇಳದೆ ಹೇಳಲಾಗದು. ಪಡಿಗೆ ಎರಡೂ ಬೇಕಿರಲಿಲ್ಲ, ಅದಕ್ಕೆ ರೋಗವೇ ಇಲ್ಲವಲ್ಲ. ಹೊಸ ಪಡಿಯನ್ನು ಮೊದಲಿನಿಂದ ಬೆಳೆಸಬಹುದು, ಆದರೆ ಅದು ನನ್ನನ್ನು ಅರಿತುಕೊಳ್ಳುವವರೆಗೆ ನನ್ನ ಎದೆ ಕಾಯುವುದಿಲ್ಲ ಎಂದರು. ಬಿಟ್ಟುಹೋದದ್ದು ಏನು ಎಂದು ನೆನಪು ಮಾಡಿಕೊಂಡು ಬೇಗ ಹೇಳಿ ಅಂದು ಹೋದರು.

ಅವತ್ತು ಮಧ್ಯಾಹ್ನ ಚೆಲುವಮ್ಮ ಮನೆಗೆ ಬುತ್ತಿ ತರಲು ಹೋಗಿದ್ದಾಗ ಒಬ್ಬ ವಯಸ್ಸಾದ ಹೆಂಗಸು ನನ್ನ ಮಂಚದ ಮುಂದಿನಿಂದ ಹಾದುಹೋದವರು ಹಿಂದಕ್ಕೆ ಬಂದು ನಿಂತರು. ಕನ್ನಡಕ, ಇಸ್ತ್ರಿ ಮಾಡಿದ ನೂಲಿನ ಸೀರೆ, ಕೊಡೆ. ನೀವು ನಮ್ಮ ಪಕ್ಕದವರಲ್ಲವೇ ಎಂದು ಕೇಳಿದರು. ನನಗೆ ಅವರ ಗುರುತು ಇರಲಿಲ್ಲ. ಅವರು ಊರಿನ ಆ ಕೊನೆಯವರು, ವಿಶಾಲಾಕ್ಷಿ ಟೀಚರ್ ಅಂತೆ, ಗುರುವಾರ ತಮ್ಮ ಯಜಮಾನರ ಪಡಿಗೆ ಒಪ್ಪಿಸಲು ಬರುವವರು. ಆ ಗಾಜು ನನ್ನ ಗಾಜಿನ ಪಕ್ಕದ್ದು. ನಾನು ಅವರನ್ನು ಕಂಡೇ ಇರಲಿಲ್ಲ, ಅವರು ನನ್ನನ್ನು ವಾರವಾರ ನೋಡಿಕೊಂಡೇ ಬಂದಿದ್ದರು. ಅಲ್ಲಿ ಇದಕ್ಕಿಂತ ಮೈ ತುಂಬಿಕೊಂಡಿದ್ದೀರಿ ಎಂದು ನನ್ನನ್ನು ತಿದ್ದುವ ಹಾಗೆ ಹೇಳಿದರು. ನಿಮ್ಮ ಮನೆಯವರು ಎಷ್ಟು ಚೆನ್ನಾಗಿ ಒಪ್ಪಿಸುತ್ತಾರೆ, ನಾನು ನನ್ನದು ಬೇಗ ಮುಗಿಸಿ ಅವರದನ್ನೇ ಕೇಳುತ್ತ ಕೂರುತ್ತೇನೆ ಎಂದರು. ಆಮೇಲೆ ಕೇಳಿದರು:

"ನಿಮ್ಮ ತಮ್ಮನವರ ಗಂಟಲು ನೋವು ವಾಸಿಯಾಯಿತೇ? ಹೋದ ವಾರ ಬಿಸಿನೀರು ಕುಡಿಯದೆ ಹಟ ಮಾಡುತ್ತಿದ್ದಾರೆ ಎಂದು ಹೇಳುತ್ತಿದ್ದರು."

ನಾನು ವಾಸಿಯಾಯಿತು ಅಂದೆ. ಟೀಚರ್ ಸಂತೋಷ ಎಂದು ಹೇಳಿ, ಅವರಿಗೊಂದು ಮದುವೆ ಮಾಡಿ ಎಂದು ಬುದ್ಧಿ ಹೇಳಿ, ಕೊಡೆ ಊರಿಕೊಂಡು ಹೋದರು.

ಚೆಲುವಮ್ಮ ಬಂದು ಮೂಸಂಬಿ ಸುಲಿಯುತ್ತ ಕೂತಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. "ವರ್ದನ ಗಂಟಲು ಹೇಗಿದೆಯೇ ಈಗ?" ಅಂದೆ. ಕೈ ನಿಂತಿತು. ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು, ಬೀಜ ಬೇರೆ ಮಾಡಿದಳು.

"ಮೊದಲ್ನೇ ವಾರ ಹೇಳೋಣ ಅಂತಾನೇ ಹೋದೆ ರೀ," ಅಂದಳು. "ಹೋಗಿ ಕೂತ್ಕೊಂಡೆ. ಗಾಜಿನೊಳಗಿಂದ ಅವ್ರು ನಗ್ತಾ ನೋಡಿದ್ರು. ಮನೇಲಿ ನೀವು ನಗೋದು ಬಿಟ್ಟಿದ್ರಿ, ಅಳೋದೂ ಇಲ್ಲ. ಇವ್ರಾದ್ರೂ ನಗ್ತಿದಾರಲ್ಲ, ಇವ್ರಿಗೂ ಯಾಕೆ ಹೇಳ್ಲಿ ಅನ್ನಿಸ್ತು. ವರ್ದ ಊಟ ಮಾಡ್ದ, ಉಪ್ಪು ಜಾಸ್ತಿ ಅಂದ ಅಂತ ಬಾಯಿಗೆ ಬಂದ್ಬಿಡ್ತು. ಮುಂದಿನ ವಾರ ಹೇಳ್ತೀನಿ ಅಂದ್ಕೊಂಡೆ. ಆಮೇಲೆ ನಿಲ್ಸೋಕಾಗ್ಲಿಲ್ಲ. ಇನ್ನೆಲ್ಲಿ ಅವ್ನ ಮಾತಾಡ್ಲಿ ನಾನು?"

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಎರಡು ವರ್ಷದಿಂದ ಆ ಗಾಜಿನೊಳಗೆ ಒಬ್ಬ ಕೆಂಪರಾಜು ತಮ್ಮನ ಜೊತೆ ಜಗಳ ಆಡಿಕೊಂಡು, ಹಬ್ಬ ಮಾಡಿಕೊಂಡು, ಹೊಟ್ಟೆ ತುಂಬ ಉಂಡು ನಿದ್ದೆ ಮಾಡುತ್ತಿದ್ದಾನೆ. ಅವನ ಹೆಂಡತಿ ಹೂ ಮುಡಿದುಕೊಂಡು ಬಂದು ಎದುರಿಗೆ ಕೂತು ನಗುನಗುತ್ತ ಮಾತಾಡುತ್ತಾಳೆ. ಇಲ್ಲಿ ನಾನು ಒಬ್ಬ ಮಾತ್ರ ವ್ಯಾನು ಮಗುಚಿದ ಮನೆಯಲ್ಲಿ ಉಳಿದಿದ್ದೇನೆ ಅಂದುಕೊಂಡೆ. ಆಮೇಲೆ ಅವಳ ಮುಖ ನೋಡಿದೆ. ಆ ಮನೆಯಲ್ಲಿ ನನ್ನ ಜೊತೆ ಇವಳೂ ಇದ್ದಳು, ವಾರಕ್ಕೊಂದು ಸಲ ಮಾತ್ರ ಹೊರಗೆ ಹೋಗಿ ಉಸಿರಾಡಿ ಬರುತ್ತಿದ್ದಳು. ನಾನು ಕೇಳುವುದಿಲ್ಲ ಎಂದದ್ದನ್ನೆಲ್ಲ ಗಾಜಿನೊಳಗಿನವನು ಕೂತು ಕೇಳಿದ್ದ. ಅವನಿಲ್ಲದೆ ಹೋಗಿದ್ದರೆ ಇವಳ ಗತಿ ಏನಾಗುತ್ತಿತ್ತೋ ಎಂದು ಯೋಚಿಸಿ ನನಗೆ ಅವನ ಮೇಲೆ ಅಕ್ಕರೆಯೇ ಬಂತು.

ಇಂದುಮತಿಯವರಿಗೆ ಹೇಳಿದೆವು. ಅವರು ಚೆಲುವಮ್ಮನನ್ನು ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತರು. ವರ್ದನ ಗಾಜು ಆರಿಸಿದವರು ಆಸ್ಪತ್ರೆಯವರೇ, ಆದರೆ ಒಂದು ಪಡಿಯ ಸುದ್ದಿ ಇನ್ನೊಂದಕ್ಕೆ ತಾವು ಹೇಳುವಂತಿಲ್ಲ, ಅದು ಮನೆಯವರೇ ಹೇಳಬೇಕಾದ್ದು ಎಂದರು. ಈಗ ಪಡಿಗೆ ನಡೆದದ್ದನ್ನು ಹೇಳಲೇಬೇಕು, ಹೇಳಿದ ಮೇಲೆ ಅದು ನನ್ನ ಹಾಗೆ ಆಗುತ್ತದೆ, ಆಗ ಔಷಧಿ ಪರೀಕ್ಷೆ ಮಾಡಬಹುದು. ಆದರೆ ಎರಡು ವರ್ಷದ್ದು ಒಂದೇ ಸಲ ಬಂದು ಬಡಿದರೆ ಅದು ತಡೆಯದೆಯೂ ಹೋಗಬಹುದು. ಹೋದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ, ಕಣ್ಣು ಮುಚ್ಚಿಕೊಂಡು ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಹಿಂದಿನ ದಿನಕ್ಕೆ ತಿರುಗಿಸಬಹುದಲ್ಲ ಎಂದು ನಾನು ಕೇಳಿದೆ. ಕೊಟ್ಟ ಔಷಧಿ ಹಿಂದಕ್ಕೆ ತೆಗೆಯಬಹುದು, ಹೇಳಿದ ಮಾತು ತೆಗೆಯಲಾಗದು ಎಂದರು.

ಚೆಲುವಮ್ಮ ತಲೆ ಅಡ್ಡ ಆಡಿಸಿದಳು. "ನನ್ನ ಕೈಲಾಗಲ್ಲ ಡಾಕ್ಟ್ರೇ. ಒಂದ್ಸಲ ಅವ್ನನ್ನ ಕಳಿಸ್ಕೊಟ್ಟಿದೀನಿ. ಇನ್ನೊಂದ್ಸಲ ನನ್ನ ಬಾಯಿಂದ್ಲೇ ಕಳ್ಸು ಅಂದ್ರೆ ಆಗಲ್ಲ." ಹೇಳದಿದ್ದರೆ ಯಜಮಾನರು ಉಳಿಯುವುದು ಕಷ್ಟ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಅದಕ್ಕೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅವಳನ್ನು ಹಾಗೆ ಹಿಂಡುವುದು ನನಗೆ ಸರಿಬರಲಿಲ್ಲ. ನಾನು ಹೇಳುತ್ತೇನೆ ಅಂದೆ. ನಿಮ್ಮ ವಿಷಯ ನೀವು ಹೇಳುವಂತಿಲ್ಲ ಎಂದು ಇಂದುಮತಿಯವರು ಬಾಯಿ ತೆರೆದರು. ನನ್ನ ವಿಷಯ ಎಲ್ಲಿ ಹೇಳುತ್ತಿದ್ದೇನೆ, ತಮ್ಮನ ವಿಷಯ ಹೇಳುತ್ತೇನೆ ಅಂದೆ. ಅವರು ಯೋಚನೆ ಮಾಡಿದರು, ಆಯಿತು ಅಂದರು. ಆ ಹುಡುಗಿ ಅವತ್ತು ಹೂಂ ಅಂದದ್ದಕ್ಕೆ ನಾನು ಬದುಕಿರುವವರೆಗೂ ಋಣಿ.

ಮಾರನೆಯ ಬೆಳಿಗ್ಗೆ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹಜಾರಕ್ಕೆ ತಳ್ಳಿಕೊಂಡು ಹೋದರು. ಚೆಲುವಮ್ಮ ಬಾಗಿಲವರೆಗೆ ಬಂದು ಅಲ್ಲೇ ನಿಂತಳು. ಎರಡೂ ಕಡೆ ಊರಿನ ಗಂಡಸರೆಲ್ಲ ಗಾಜಿನೊಳಗೆ ಕೂತಿದ್ದರು, ಕಮ್ಮಾರನೂ ಇದ್ದ, ಅಲ್ಲೂ ಅತ್ತೆಗೆ ಹೆದರಿದ ಮುಖವೇ. ನನ್ನ ಗಾಜಿನ ಮುಂದೆ ಕುರ್ಚಿ ನಿಲ್ಲಿಸಿ, ಡಾಕ್ಟರು ಹಿಂದೆ ಸರಿದರು.

ಎಂಥ ಸುಂದರ ಅನ್ನುತ್ತೀರಿ. ಕೆನ್ನೆ ತುಂಬಿಕೊಂಡಿತ್ತು, ಮೀಸೆ ಕಪ್ಪಗೆ ಮಿರುಗುತ್ತಿತ್ತು, ಕಣ್ಣ ಕೆಳಗೆ ಒಂದು ಗೆರೆ ಇರಲಿಲ್ಲ. ನಾನು ಹಿಂದೆ ಹೀಗಿದ್ದೆನೇ ಎಂದು ನನಗೇ ಅನುಮಾನ ಬಂತು. ಅವನು ನನ್ನನ್ನು ನೋಡಿ ಹುಬ್ಬು ಏರಿಸಿದ. ಈ ಸೊರಗಿದ ಮುದುಕ ಯಾರಪ್ಪ ಅನ್ನುವ ಹಾಗಿತ್ತು ನೋಟ. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ವರ್ದ ಇಲ್ಲ ಕಣಯ್ಯ," ಅಂದೆ. "ಹೋಗ್ಬಿಟ್ಟ."

ಆ ಮಾತನ್ನು ನಾನು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ತಿಥಿಗೆ ಬಂದವರ ಮುಂದೆ ಕೂಡ ಆಡಿರಲಿಲ್ಲ, ಅವರೇ ಆಡಿ ಹೋಗಿದ್ದರು. ಅವನು ನನ್ನನ್ನು ನೋಡಿದ, ಕುಡಿದು ಬಂದವನನ್ನು ನೋಡುವ ಹಾಗೆ. ನಂಬಲಿಲ್ಲ. ಹೇಗೆ ನಂಬುತ್ತಾನೆ, ಅವನಿಗೆ ಇಷ್ಟು ವರ್ಷ ಪ್ರಪಂಚವನ್ನೆಲ್ಲ ತಂದು ಹೇಳಿದವಳು ಒಬ್ಬಳೇ. ಅವನು ನನ್ನ ಭುಜದ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿ ಹುಡುಕತೊಡಗಿದ. ನಾನು ವ್ಯಾನಿನ ವಿಷಯ ಹೇಳಿದೆ, ಕೆರೆ ಏರಿ ಹೇಳಿದೆ, ಡ್ರಮ್ಮಿನ ಪಟ್ಟಿ ವರ್ದನ ಕೈಗೆ ಸುತ್ತಿಕೊಂಡೇ ಇದ್ದದ್ದು ಹೇಳಿದೆ. ಅವನು ಹುಡುಕುತ್ತಲೇ ಇದ್ದ. ನನ್ನ ದನಿ ಎತ್ತರವಾಯಿತು, ಎದೆ ಹಿಡಿದುಕೊಂಡಿತು, ಇಂದುಮತಿಯವರು ಸಾಕು ಎಂದು ಮುಂದೆ ಬಂದರು.

ಆಗ ಹಿಂದಿನಿಂದ ಬಳೆ ಸದ್ದಾಯಿತು. ಚೆಲುವಮ್ಮ ಬಂದು, ಪ್ರತಿ ಗುರುವಾರ ಕೂರುತ್ತಿದ್ದ ಸ್ಟೂಲು ಎಳೆದುಕೊಂಡು, ನನ್ನ ಪಕ್ಕದಲ್ಲಿ ಕೂತಳು. ಅವಳನ್ನು ಕಂಡು ಅವನ ಮುಖ ಅರಳಿತು. ಅವಳು ಕಣ್ಣು ಒರೆಸಿಕೊಂಡು ಅವನನ್ನೇ ನೋಡಿದಳು.

"ಹೌದು ರೀ," ಅಂದಳು. "ಇವ್ರು ಹೇಳ್ತಿರೋದು ನಿಜ. ನಾನು ಹೇಳಿದ್ದೇ ಸುಳ್ಳು. ನಮ್ಮ ವರ್ದ ಹೋಗಿ ಎರಡು ವರ್ಷ ಆಯ್ತು. ನಿಮ್ಗೆ ಹೇಳೋಕೆ ನಂಗೆ ಮನಸ್ಸು ಬರ್ಲಿಲ್ಲ, ಹೊಟ್ಟೆಗೆ ಹಾಕ್ಕೊಳ್ಳಿ."

ಅವಳ ಬಾಯಿಂದ ಬಂದದ್ದನ್ನು ಅವನು ನಂಬಿದ. ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲಿತ್ತು, ಎತ್ತಿಡಲು ಮರೆತ ಸಾಮಾನಿನ ಹಾಗೆ. ಆಮೇಲೆ ಬಾಯಿ ಸೊಟ್ಟಗಾಯಿತು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮೊಣಕಾಲಿನ ಮೇಲೆ ಬಗ್ಗಿ, ಚಿಕ್ಕ ಮಕ್ಕಳು ಅಳುವಂತೆ ಮೈಯೆಲ್ಲ ಕುಲುಕಿಸಿ ಅತ್ತ. ಗಾಜಿನಿಂದ ಸದ್ದು ಬರುವುದಿಲ್ಲ. ಆದರೂ ಹಜಾರದಲ್ಲಿ ಅಳುವ ಸದ್ದು ಕೇಳುತ್ತಿತ್ತು, ಅದು ನನ್ನದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ತಲೆ ಎತ್ತಿದರೆ ನಾನು ಅಳುತ್ತಿದ್ದೆ, ನಾನು ತಲೆ ಎತ್ತಿದರೆ ಅವನು ಅಳುತ್ತಿದ್ದ. ಚೆಲುವಮ್ಮ ಒಂದು ಕೈ ನನ್ನ ಬೆನ್ನ ಮೇಲೆ, ಒಂದು ಕೈ ಗಾಜಿನ ಮೇಲೆ ಇಟ್ಟು ಇಬ್ಬರಿಗೂ ಸಮಾಧಾನ ಹೇಳುತ್ತಿದ್ದಳು. ನಮ್ಮನ್ನು ಯಾರೂ ಏಳಿಸಲಿಲ್ಲ.

ಅವನು ಹೋಗಲಿಲ್ಲ, ಉಳಿದ. ಮಾರನೆಯ ದಿನ 'ನಿಮ್ಮ ಪಡಿ ಈಗ ನೀವೇ' ಎಂದು ಡಾಕ್ಟರು ಬಂದು ಹೇಳಿದರು. ಕೆನ್ನೆ ಇಳಿದಿದೆಯಂತೆ, ಮೀಸೆ ನರೆತಿದೆಯಂತೆ, ಬಡಿತ ನನ್ನ ಬಡಿತದ ಹಾಗೆಯೇ ತಾಳ ತಪ್ಪಿದೆಯಂತೆ. ನನಗೆ ಅವನ ಚೆಂದ ಹಾಳಾದದ್ದಕ್ಕೆ ಬೇಸರವಾಯಿತು. ಆಮೇಲೆ ಅವನಿಗೆ ಆ ಬಲವಾದ ಮಾತ್ರೆ ಕೊಟ್ಟರು. ಅವನು ಕೂತಲ್ಲೇ ಒಂದು ಪಕ್ಕಕ್ಕೆ ವಾಲಿ ಬಿದ್ದ, ಎದೆ ನಿಂತೇ ಹೋಯಿತು. ಅವನನ್ನು ಹಿಂದಿನ ದಿನಕ್ಕೆ ತಿರುಗಿಸಿ ಎಬ್ಬಿಸಿ, ಪುಟ್ಟ ಯಂತ್ರ ಇಟ್ಟು ನೋಡಿದರು. ಅದು ಹಿಡಿಯಿತು. ಮೆಟ್ಟಿಲು ಹತ್ತಿಸಿದರು, ಹತ್ತಿದ. ಪಡಿಗೆ ಹೇಳದೇ ಇದ್ದಿದ್ದರೆ ತಾವು ಮಾತ್ರೆಯನ್ನೇ ಆರಿಸುತ್ತಿದ್ದೆವು ಎಂದರು ಇಂದುಮತಿಯವರು. ಆ ಮಾತ್ರೆಯಲ್ಲಿ ಸಾಯಬೇಕಾಗಿದ್ದವನು ನಾನು, ಅವನು ಸತ್ತು ನೋಡಿ ಹೇಳಿದ. ನಾವು ಅವನ ಮೇಲೆ ಅಷ್ಟು ದುಃಖ ಹೊರಿಸಿದ ಮೇಲೂ ಹೇಳಿದ. ದೇವರಿಗೆ ಕೈ ಮುಗಿಯುವಾಗ ಈಗ ಅವನ ಹೆಸರನ್ನೂ ಹೇಳುತ್ತೇನೆ, ಹೆಸರು ನನ್ನದೇ ಆದ್ದರಿಂದ ಕೇಳಿದವರಿಗೆ ಜಂಬ ಅನ್ನಿಸಬಹುದು.

ಯಂತ್ರ ಇಟ್ಟರು, ಮನೆಗೆ ಬಂದೆ. ಉಸಿರು ಸರಾಗವಾಯಿತು. ಬೆಳಿಗ್ಗೆ ಎದ್ದು ಬಿಸಿಲಿಗೆ ಮುಖ ಒಡ್ಡಿ ಕೂರುವುದೇ ಒಂದು ಸುಖ, ಕಾಫಿಯ ವಾಸನೆಯೇ ಒಂದು ಸುಖ. ಎದುರು ಮನೆಯವರ ಕುಕ್ಕರು ಕೂಗಿದರೂ ಆಹಾ ಎನ್ನುವಷ್ಟು ಮಟ್ಟಿಗೆ ನಾನು ಹಾಳಾಗಿದ್ದೆ. ಇಷ್ಟರ ಮಧ್ಯೆ ಒಂದನ್ನು ಗಮನಿಸಿದೆ. ಗುರುವಾರ ಚೆಲುವಮ್ಮ ದಿನದ ಸೀರೆಯಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದಳು. ಬೇಗ ಬರುತ್ತಿದ್ದಳು. ತಿಂದದ್ದು, ಮಲಗಿದ್ದು, ನಡೆದದ್ದು ಒಪ್ಪಿಸಿ ಎದ್ದು ಬರುತ್ತೇನೆ ಎಂದಳು ಕೇಳಿದಾಗ. ಬಂದು ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೆ. ವಿಶಾಲಾಕ್ಷಿ ಟೀಚರಿಗೆ ಕೂಡ ವಿಷಯ ತಿಳಿದು, ಅವರು ಅವಳ ಕೈ ಹಿಡಿದುಕೊಂಡು ಕೂತಿದ್ದರಂತೆ. ನಾನು ಬದುಕಿದ್ದೆ, ಅವಳು ವರ್ದನನ್ನು ಇಟ್ಟುಕೊಂಡಿದ್ದ ಜಾಗ ಹೋಗಿತ್ತು. ಅದನ್ನು ಕೊಟ್ಟು ಅವಳು ನನ್ನನ್ನು ಉಳಿಸಿಕೊಂಡಿದ್ದಳು. ಅದಕ್ಕೆ ಥ್ಯಾಂಕ್ಸ್ ಹೇಳೋಣ ಎಂದು ಎರಡು ಸಲ ಅಡಿಗೆಮನೆ ಬಾಗಿಲವರೆಗೆ ಹೋಗಿ, ನೀರು ಕುಡಿದು ವಾಪಸ್ಸು ಬಂದೆ.

ಹೋದ ಗುರುವಾರ ಸಂಜೆ ಅವಳು ಕಾಫಿ ತಂದು ನನ್ನ ಕೈಗೆ ಕೊಡುತ್ತ, "ಇವತ್ತು ವರ್ದ" ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು. ಎರಡು ವರ್ಷ ಗುರುವಾರ ಗುರುವಾರ ಆಡಿದ ನಾಲಿಗೆ, ಅದಕ್ಕೇನು ಗೊತ್ತು. ನಾನು ಎದ್ದು ಹೊರಗೆ ಹೋಗುತ್ತೇನೆ ಎಂದು ಅವಳು ಬಾಗಿಲಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ನಾನು ಲೋಟ ಕೆಳಗಿಟ್ಟೆ. ಪಕ್ಕದಲ್ಲಿದ್ದ ಸ್ಟೂಲನ್ನು ಅವಳ ಕಡೆ ತಳ್ಳಿದೆ.

"ಇವತ್ತು ವರ್ದ ಏನ್ಮಾಡ್ದ?" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು, ನಾನು ಹುಡುಗಾಟಕ್ಕೆ ಕೇಳುತ್ತಿದ್ದೇನಾ ಎಂದು. ಮೆಲ್ಲಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೇಲಿನ ಗೂಡಿಂದ ಕೊಬ್ಬರಿ ಎಣ್ಣೆ ಡಬ್ಬ ತೆಗೀತೀನಿ ಅಂತ ಹೋಗಿ ಅಷ್ಟನ್ನೂ ನೆಲಕ್ಕೆ ಚೆಲ್ಲಿದ," ಅಂದಳು. "ಬೈದ್ರೆ, ಅಣ್ಣ ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ ಅತ್ತಿಗೆ, ನಂದೇನು ತಪ್ಪು ಅಂತ ನಿಮ್ಮ ಮೇಲೇ ಹಾಕ್ದ."

"ನಾನು ಗಟ್ಟಿಯಾಗೇ ಹಾಕಿದ್ದೆ," ಅಂದೆ. "ಬರ್ಲಿ ಅವ್ನು, ಕೇಳ್ತೀನಿ."